ಗ್ರಾಫಿಕ್ಸ್ ಕಾರ್ಡಿನ ವೋಲ್ಟೇಜ್ ಇಳಿಕೆ ಮತ್ತು ಮೆಮೊರಿ ವೇಗದ ಹೊಂದಾಣಿಕೆ: ಒಂದು ವಿವೇಚನೆ

೧. ಪೀಠಿಕೆ

ಗಣಕಯಂತ್ರದ ಗ್ರಾಫಿಕ್ಸ್ ಕಾರ್ಡು ಇಂದು ವಿಜ್ಞಾನ ವಿಭಾಗಗಳ ಸೊತ್ತಾಗಿ ಮಾತ್ರ ಉಳಿದಿಲ್ಲ. ಹಳೆಯ ಮುದ್ರಿತ ಪುಟಗಳನ್ನೂ ಕಡತಗಳ ಛಾಯಾಚಿತ್ರಗಳನ್ನೂ ಯಂತ್ರದಿಂದ ಓದಿಸುವುದು, ಭೂಪಟಗಳನ್ನು ಒಂದರೊಡನೊಂದು ಹೋಲಿಸುವುದು, ದೊಡ್ಡ ಪಠ್ಯಸಂಗ್ರಹಗಳನ್ನು ವರ್ಗೀಕರಿಸುವುದು ಮೊದಲಾದ ಕೆಲಸಗಳಿಗೆ ಚರಿತ್ರೆಯ ವಿದ್ಯಾರ್ಥಿಯೂ ಅದನ್ನು ಆಶ್ರಯಿಸಬೇಕಾಗಿದೆ. ಪರದೆಯ ಮೇಲೆ ಚಿತ್ರಗಳನ್ನು ಮೂಡಿಸುವುದಕ್ಕಾಗಿ ಹುಟ್ಟಿದ ಈ ಉಪಕರಣವು ಸಾಮಾನ್ಯ ಗಣನೆಯ ಉಪಕರಣವಾದುದು ಈಚಿನ ಸಂಗತಿ. ಎನ್‌ವಿಡಿಯಾ ಸಂಸ್ಥೆಯು ತನ್ನ ಕಾರ್ಡುಗಳನ್ನು ಇತರ ಗಣನೆಗಳಿಗೂ ಬಳಸಲು ಅನುವು ಮಾಡಿಕೊಡುವ ‘ಕ್ಯೂಡಾ’ ವ್ಯವಸ್ಥೆಯನ್ನು ೨೦೦೬ರಲ್ಲಿ ಪ್ರಕಟಿಸಿತು. ೨೦೧೨ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್ ಮತ್ತು ಜೆಫ್ರಿ ಹಿಂಟನ್ ಇವರು ಚಿತ್ರಗಳನ್ನು ಗುರುತಿಸುವ ತಮ್ಮ ಪ್ರಸಿದ್ಧ ಜಾಲವನ್ನು ಸಿದ್ಧಪಡಿಸಿದುದು ಆಟಗಳಿಗಾಗಿ ಮಾರಾಟವಾಗುತ್ತಿದ್ದ ಎರಡು ಜಿಟಿಎಕ್ಸ್ ೫೮೦ ಕಾರ್ಡುಗಳ ಮೇಲೆ.

ಈ ಸಾಧನದ ಬಲ ಹೆಚ್ಚಿದಂತೆ ಅದರ ಹಸಿವೂ ಹೆಚ್ಚಿದೆ. ೨೦೨೦ರಲ್ಲಿ ಹೊರಬಂದ ಆರ್‌ಟಿಎಕ್ಸ್ ೩೦೮೦ ಕಾರ್ಡಿನ ವಿದ್ಯುತ್ ಮಿತಿ ೩೨೦ ವ್ಯಾಟ್. ಅದೇ ವರ್ಷದ ೩೦೯೦ ಕಾರ್ಡಿನದು ೩೫೦ ವ್ಯಾಟ್. ೨೦೨೨ರ ೪೦೯೦ ಕಾರ್ಡಿನದು ೪೫೦ ವ್ಯಾಟ್. ಹಳೆಯ ಬಗೆಯ ಛಾವಣಿಯ ಫ್ಯಾನು ಸುಮಾರು ೭೫ ವ್ಯಾಟ್ ಬಳಸುತ್ತದೆ ಎಂಬುದನ್ನು ನೆನೆದರೆ, ಕೊನೆಯದಾಗಿ ಹೇಳಿದ ಕಾರ್ಡೊಂದೇ ಆರು ಫ್ಯಾನುಗಳ ವಿದ್ಯುತ್ತನ್ನು ನುಂಗುತ್ತದೆಯೆಂದೂ, ನುಂಗಿದುದನ್ನೆಲ್ಲ ಕೊಠಡಿಯೊಳಕ್ಕೆ ಶಾಖವಾಗಿ ಬಿಡುತ್ತದೆಯೆಂದೂ ತಿಳಿಯುವುದು. ಈ ವ್ಯಯವನ್ನು ತಗ್ಗಿಸಲು ಬಳಕೆದಾರರು ಎರಡು ಉಪಾಯಗಳನ್ನು ಅನುಸರಿಸುತ್ತಾರೆ. ಚಿಪ್ಪಿಗೆ ಕೊಡುವ ವೋಲ್ಟೇಜನ್ನು ಇಳಿಸುವುದು ಮೊದಲನೆಯದು. ಮೆಮೊರಿಯ ಕ್ಲಾಕ್ ವೇಗವನ್ನು ಕೆಲಸಕ್ಕೆ ತಕ್ಕಂತೆ ಹೊಂದಿಸುವುದು ಎರಡನೆಯದು. ಇವು ಏಕೆ ಸಾಧ್ಯ, ಎಷ್ಟರಮಟ್ಟಿಗೆ ಸಾಧ್ಯ, ಸಂಶೋಧಕನು ಇವುಗಳಲ್ಲಿ ಯಾವ ಎಚ್ಚರವನ್ನು ವಹಿಸಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೨. ಚಾರಿತ್ರಿಕ ಹಿನ್ನೆಲೆ

ಇಂದಿನ ಚಿಪ್ಪುಗಳು ‘ಸಿಮಾಸ್’ ಎಂಬ ಕ್ರಮದಲ್ಲಿ ರಚಿತವಾದುವು. ಇದನ್ನು ೧೯೬೩ರಲ್ಲಿ ಫೇರ್‌ಚೈಲ್ಡ್ ಸಂಸ್ಥೆಯ ಫ್ರಾಂಕ್ ವಾನ್‌ಲಾಸ್ ಮತ್ತು ಚಿ-ಟಾಂಗ್ ಸಾ ಎಂಬವರು ಲೋಕಕ್ಕೆ ತಿಳಿಸಿದರು. ಈ ಕ್ರಮದಲ್ಲಿ ಟ್ರಾನ್ಸಿಸ್ಟರುಗಳು ಸುಮ್ಮನಿರುವಾಗ ಅತ್ಯಲ್ಪ ವಿದ್ಯುತ್ತನ್ನೂ, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಬದಲಾಗುವಾಗ ಹೆಚ್ಚಿನ ವಿದ್ಯುತ್ತನ್ನೂ ಬಳಸುತ್ತವೆ. ಹೀಗೆ ಬದಲಾಗುವಾಗ ಆಗುವ ವ್ಯಯವು ಮೂರು ಅಂಶಗಳ ಗುಣಲಬ್ಧವನ್ನು ಅನುಸರಿಸುತ್ತದೆ: ಮಂಡಲದ ಧಾರಕತೆ, ವೋಲ್ಟೇಜಿನ ವರ್ಗ ಮತ್ತು ಕ್ಲಾಕಿನ ವೇಗ. ಚಿಪ್ಪಿನ ಎಲ್ಲ ಭಾಗಗಳೂ ಒಂದೇ ತಾಳಕ್ಕೆ ಹೆಜ್ಜೆಯಿಡುವಂತೆ ಮಾಡುವ ಮಿಡಿತಕ್ಕೆ ಕ್ಲಾಕ್ ಎಂದು ಹೆಸರು; ಸೆಕೆಂಡಿಗೆ ಎಷ್ಟು ಮಿಡಿತಗಳೆಂಬುದೇ ಅದರ ವೇಗ.

ಈ ಸೂತ್ರದಲ್ಲಿ ವೇಗವು ಒಮ್ಮೆ ಬರುತ್ತದೆ, ವೋಲ್ಟೇಜಾದರೋ ಎರಡು ಬಾರಿ ಬರುತ್ತದೆ. ನಮ್ಮ ವಿಷಯದ ತಿರುಳು ಇಷ್ಟರಲ್ಲಿಯೇ ಅಡಗಿದೆ. ಲೆಕ್ಕಕ್ಕಾಗಿ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಒಂದು ಚಿಪ್ಪು ೧.೦೫ ವೋಲ್ಟಿನಲ್ಲಿ ೧೯೦೦ ಮೆಗಾಹರ್ಟ್ಸ್ ವೇಗದಿಂದ ಓಡುತ್ತಿದೆ, ಅದನ್ನು ೦.೮೫ ವೋಲ್ಟಿಗೂ ೧೮೦೦ ಮೆಗಾಹರ್ಟ್ಸಿಗೂ ಇಳಿಸಲಾಯಿತು. ವೇಗದಲ್ಲಿ ನಷ್ಟವಾದುದು ನೂರಕ್ಕೆ ೫ರಷ್ಟು. ವೋಲ್ಟೇಜು ಮೊದಲಿನ ೦.೮೧ ಭಾಗವಾಯಿತು, ಅದರ ವರ್ಗ ಸುಮಾರು ೦.೬೫೫. ವೇಗದ ಇಳಿಕೆಯನ್ನೂ ಸೇರಿಸಿ ಗುಣಿಸಿದರೆ ೦.೬೨ ದೊರೆಯುತ್ತದೆ. ಎಂದರೆ, ಕೆಲಸದಲ್ಲಿ ೫ ಭಾಗ ಬಿಟ್ಟುಕೊಟ್ಟುದಕ್ಕೆ ವ್ಯಯದಲ್ಲಿ ೩೮ ಭಾಗ ಉಳಿಯಿತು. ಈ ಉಳಿತಾಯವು ಚಿಪ್ಪಿನ ಬದಲಾವಣೆಯ ವ್ಯಯಕ್ಕೆ ಮಾತ್ರ ಅನ್ವಯಿಸುತ್ತದೆಂಬುದನ್ನು ಮರೆಯಬಾರದು. ಮೆಮೊರಿ, ಫ್ಯಾನು ಮತ್ತು ಕಾರ್ಡಿನ ಇತರ ಅಂಗಗಳ ವ್ಯಯ ಇದೇ ಪ್ರಮಾಣದಲ್ಲಿ ಇಳಿಯುವುದಿಲ್ಲವಾದುದರಿಂದ ಇಡೀ ಕಾರ್ಡಿನ ಉಳಿತಾಯ ಇದಕ್ಕಿಂತ ಕಡಮೆಯಾಗಿಯೇ ಇರುತ್ತದೆ.

ಇಷ್ಟು ಲಾಭವಿರುವಾಗ ತಯಾರಕರೇ ವೋಲ್ಟೇಜನ್ನು ಏಕೆ ಇಳಿಸುತ್ತ ಹೋಗಲಿಲ್ಲ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ದೀರ್ಘಕಾಲ ಅವರು ಹಾಗೆಯೇ ಮಾಡಿದರು. ೧೯೭೪ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಮತ್ತು ಅವನ ಸಹೋದ್ಯೋಗಿಗಳು ಒಂದು ಪ್ರಬಂಧವನ್ನು ಪ್ರಕಟಿಸಿದರು. ಟ್ರಾನ್ಸಿಸ್ಟರಿನ ಅಳತೆಗಳನ್ನೂ ಅದಕ್ಕೆ ಕೊಡುವ ವೋಲ್ಟೇಜನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿದರೆ, ಅದೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರುಗಳನ್ನು ಹೆಚ್ಚು ವೇಗದಿಂದ ಓಡಿಸಿದರೂ ಒಂದು ಚದರ ಮಿಲಿಮೀಟರಿನ ಶಾಖ ಹೆಚ್ಚುವುದಿಲ್ಲವೆಂಬುದು ಅದರ ಸಾರ. ಐದು ವೋಲ್ಟುಗಳಲ್ಲಿ ಓಡುತ್ತಿದ್ದ ಚಿಪ್ಪುಗಳು ಮೂರು ದಶಕಗಳಲ್ಲಿ ಒಂದು ವೋಲ್ಟಿನ ಆಸುಪಾಸಿಗೆ ಇಳಿದುವು. ಅಲ್ಲಿಗೆ ಆ ಇಳಿಕೆ ನಿಂತಿತು. ಟ್ರಾನ್ಸಿಸ್ಟರು ತೆರೆದುಕೊಳ್ಳುವ ಹೊಸ್ತಿಲಿನ ವೋಲ್ಟೇಜನ್ನು ಸಾಮಾನ್ಯ ಉಷ್ಣತೆಯಲ್ಲಿ ೬೦ರಿಂದ ೧೦೦ ಮಿಲಿವೋಲ್ಟಿನಷ್ಟು ತಗ್ಗಿಸಿದೊಡನೆ ಮುಚ್ಚಿದ ಸ್ಥಿತಿಯ ಸೋರಿಕೆ ಹತ್ತುಪಟ್ಟಾಗುತ್ತದೆ. ಈ ನಿಸರ್ಗನಿಯಮವನ್ನು ಮೀರುವಂತಿರಲಿಲ್ಲ. ೨೦೦೪ರಲ್ಲಿ ಇಂಟೆಲ್ ಸಂಸ್ಥೆಯು ‘ತೇಹಾಸ್’ ಎಂಬ ತನ್ನ ಮುಂದಿನ ಚಿಪ್ಪಿನ ಯೋಜನೆಯನ್ನು ಕೈಬಿಟ್ಟುದು ಈ ಯುಗಾಂತ್ಯದ ಒಂದು ಗುರುತು. ಅಂದಿನಿಂದ ಚಿಪ್ಪುಗಳ ವ್ಯಯ ಏರುತ್ತಲೇ ಬಂದಿದೆ. ವೋಲ್ಟೇಜಿನಲ್ಲಿ ಉಳಿದಿರುವ ಸಣ್ಣ ಅಂತರಗಳಿಗೂ ಬೆಲೆ ಬಂದುದು ಇದರಿಂದಲೇ.

೩. ತಯಾರಕರ ಅಂಚು

ಒಂದೇ ಅಚ್ಚಿನಿಂದ ಬಂದರೂ ಎರಡು ಚಿಪ್ಪುಗಳು ಸರ್ವಥಾ ಸಮಾನವಾಗಿರುವುದಿಲ್ಲ. ತಯಾರಿಕೆಯ ಸೂಕ್ಷ್ಮ ವ್ಯತ್ಯಾಸಗಳಿಂದಾಗಿ ಒಂದು ಚಿಪ್ಪು ೦.೮೫ ವೋಲ್ಟಿನಲ್ಲಿ ಸಾಧಿಸುವ ವೇಗಕ್ಕೆ ಇನ್ನೊಂದು ೦.೯೫ ವೋಲ್ಟನ್ನು ಬೇಡಬಹುದು. ಪ್ರತಿಯೊಂದನ್ನೂ ದಿನಗಟ್ಟಲೆ ಪರೀಕ್ಷಿಸಿ ಅದಕ್ಕೆ ತಕ್ಕ ವೋಲ್ಟೇಜನ್ನು ನಿಗದಿಮಾಡುವುದು ತಯಾರಕನಿಗೆ ಸಾಧ್ಯವಿಲ್ಲ. ಆದುದರಿಂದ ಮಾರಾಟಕ್ಕೆ ಅರ್ಹವಾದ ಚಿಪ್ಪುಗಳಲ್ಲಿ ದುರ್ಬಲವಾದುದೂ ತಪ್ಪದೆ ನಡೆಯುವಷ್ಟು ವೋಲ್ಟೇಜನ್ನು ಗೊತ್ತುಮಾಡಿ, ಅದರ ಮೇಲೆ ಮತ್ತಷ್ಟು ಅಂಚನ್ನು ಸೇರಿಸಲಾಗುತ್ತದೆ. ಬೇಸಗೆಯ ಬಿಸಿ, ಕೆಲಸದ ಹೊರೆ ಹಠಾತ್ತನೆ ಏರಿದಾಗ ವೋಲ್ಟೇಜು ಕ್ಷಣಕಾಲ ಕುಸಿಯುವುದು, ವರ್ಷಗಳು ಕಳೆದಂತೆ ಟ್ರಾನ್ಸಿಸ್ಟರುಗಳು ನಿಧಾನವಾಗುವುದು—ಇವೆಲ್ಲಕ್ಕೂ ಆ ಅಂಚು ರಕ್ಷೆ.

ವೋಲ್ಟೇಜು ಸಾಲದಾದಾಗ ನಡೆಯುವುದೇನು ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ವೋಲ್ಟೇಜು ಇಳಿದಂತೆ ಟ್ರಾನ್ಸಿಸ್ಟರು ನಿಧಾನವಾಗಿ ಸ್ಥಿತಿ ಬದಲಿಸುತ್ತದೆ. ೧೮೦೦ ಮೆಗಾಹರ್ಟ್ಸ್ ವೇಗದಲ್ಲಿ ಎರಡು ಮಿಡಿತಗಳ ನಡುವಣ ಅವಧಿ ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ೦.೫೬ರಷ್ಟು ಮಾತ್ರ. ಚಿಪ್ಪಿನೊಳಗಿನ ಅತ್ಯಂತ ದೀರ್ಘವಾದ ಹಾದಿಯಲ್ಲಿ ಸಾಗುವ ಸಂಕೇತವೂ ಅಷ್ಟರೊಳಗೆ ಗುರಿ ಮುಟ್ಟಬೇಕು. ಮುಟ್ಟದಿದ್ದರೆ ಮುಂದಿನ ಮಿಡಿತವು ಹಳೆಯ ಬೆಲೆಯನ್ನೇ ಹೊಸದೆಂದು ಸ್ವೀಕರಿಸುತ್ತದೆ. ಚಿಪ್ಪಿಗೆ ಇದರಿಂದ ಯಾವ ಭೌತಿಕ ಹಾನಿಯೂ ಇಲ್ಲ, ಹಾನಿಗೊಳ್ಳುವುದು ಉತ್ತರ.

ಹೀಗಿರುವಲ್ಲಿ ವೋಲ್ಟೇಜನ್ನು ಇಳಿಸುವುದೆಂದರೆ, ದುರ್ಬಲ ಚಿಪ್ಪುಗಳಿಗಾಗಿ ಇರಿಸಿದ್ದ ಅಂಚನ್ನು ನಮ್ಮ ಕೈಯಲ್ಲಿರುವ ಚಿಪ್ಪಿನಿಂದ ಹಿಂದಕ್ಕೆ ಪಡೆಯುವುದೆಂದೇ ಅರ್ಥ. ಅಂಚಿನೊಡನೆ ಅದರ ಹೊಣೆಯೂ ನಮಗೆ ಬರುತ್ತದೆ: ತಯಾರಕನು ಮಾಡದೆ ಬಿಟ್ಟ ಪರೀಕ್ಷೆಯನ್ನು ನಾವು ಮಾಡಬೇಕು. ಇನ್ನೊಬ್ಬರ ಕಾರ್ಡಿಗೆ ಹೊಂದಿದ ಅಂಕಿಯನ್ನು ನಮ್ಮದಕ್ಕೆ ನಕಲುಮಾಡುವುದು ಏಕೆ ಸಲ್ಲದೆಂಬುದೂ ಇದರಿಂದ ವಿದಿತವಾಗುತ್ತದೆ.

೪. ವೋಲ್ಟೇಜನ್ನು ಇಳಿಸುವ ಕ್ರಮ

ಮೊದಲು ಮಾಡಬೇಕಾದುದು ಮೂಲಸ್ಥಿತಿಯ ದಾಖಲೆ. ಏನನ್ನೂ ಬದಲಿಸದೆ, ನಮ್ಮ ನಿತ್ಯದ ಕೆಲಸವನ್ನೇ ಅರ್ಧಗಂಟೆ ನಡೆಸಿ, ಆಗಿನ ವೋಲ್ಟೇಜು, ವೇಗ, ವ್ಯಾಟುಗಳು, ಉಷ್ಣತೆ ಮತ್ತು ಕೆಲಸಕ್ಕೆ ಹಿಡಿದ ಕಾಲ ಇವನ್ನು ಬರೆದಿಟ್ಟುಕೊಳ್ಳಬೇಕು. ದೊರೆತ ಫಲಿತಾಂಶದ ಕಡತವನ್ನೂ ಕಾದಿರಿಸಬೇಕು. ಈ ದಾಖಲೆಯಿಲ್ಲದೆ ಮುಂದಿನ ಯಾವ ಹೋಲಿಕೆಗೂ ಆಧಾರವಿಲ್ಲ.

ಎರಡನೆಯ ಹೆಜ್ಜೆಯಾಗಿ ವಿದ್ಯುತ್ ಮಿತಿಯನ್ನು ತಗ್ಗಿಸಿ ನೋಡಬಹುದು. ಎನ್‌ವಿಡಿಯಾ ಕಾರ್ಡುಗಳೊಡನೆ ಬರುವ ‘ಎನ್‌ವಿಡಿಯಾ ಎಸ್‌ಎಂಐ’ ಎಂಬ ಸಾಧನದಿಂದ, ೩೨೦ ವ್ಯಾಟಿನ ಕಾರ್ಡಿಗೆ ೨೫೦ ವ್ಯಾಟನ್ನು ಮೀರಬಾರದೆಂದು ಒಂದೇ ಸಾಲಿನಲ್ಲಿ ಆಜ್ಞಾಪಿಸಬಹುದು. ಆಗ ಕಾರ್ಡು ತಯಾರಕನ ಕೋಷ್ಟಕದಲ್ಲಿಯೇ ಕೆಳಗಿಳಿದು, ಕಡಮೆ ವೇಗವನ್ನೂ ಅದಕ್ಕೆ ನಿಗದಿಯಾದ ಕಡಮೆ ವೋಲ್ಟೇಜನ್ನೂ ಆಯ್ದುಕೊಳ್ಳುತ್ತದೆ. ಸುರಕ್ಷತೆಯ ಅಂಚು ಹಾಗೆಯೇ ಉಳಿಯುವುದರಿಂದ ಉತ್ತರ ಕೆಡುವ ಭಯವಿಲ್ಲ. ಹಲವರಿಗೆ ಇಷ್ಟೇ ಸಾಕಾಗುತ್ತದೆ. ಸಂಶೋಧನೆಯ ಯಂತ್ರಗಳಲ್ಲಿ ಮೊದಲು ಪ್ರಯತ್ನಿಸಬೇಕಾದುದೂ ಇದನ್ನೇ.

ಇದಕ್ಕಿಂತ ಮುಂದೆ ಹೋಗಬಯಸುವವರು ಕೋಷ್ಟಕವನ್ನೇ ಬದಲಿಸಬೇಕಾಗುತ್ತದೆ. ಪ್ರತಿಯೊಂದು ವೋಲ್ಟೇಜಿಗೂ ಇಂತಿಷ್ಟು ವೇಗವೆಂದು ಕಾರ್ಡಿನಲ್ಲಿ ಒಂದು ರೇಖೆ ಅಡಕವಾಗಿದೆ. ವಿಂಡೋಸ್ ವ್ಯವಸ್ಥೆಯಲ್ಲಿ ‘ಎಂಎಸ್‌ಐ ಆಫ್ಟರ್‌ಬರ್ನರ್’ ಮೊದಲಾದ ಸಾಧನಗಳು ಆ ರೇಖೆಯನ್ನು ಪರದೆಯ ಮೇಲೆ ತೋರಿಸುತ್ತವೆ. ಉದಾಹರಣೆಗೆ ೦.೯೦ ವೋಲ್ಟಿನ ಬಿಂದುವನ್ನು ಆರಿಸಿ, ಅಲ್ಲಿ ಬೇಕಾದ ವೇಗವನ್ನಿರಿಸಿ, ಅದರ ಬಲಕ್ಕಿರುವ ಬಿಂದುಗಳನ್ನೆಲ್ಲ ಅದೇ ಮಟ್ಟಕ್ಕೆ ಸಪಾಟುಗೊಳಿಸಿದರೆ ಕಾರ್ಡು ಆ ವೋಲ್ಟೇಜನ್ನು ದಾಟುವುದಿಲ್ಲ. ಎಎಂಡಿ ಸಂಸ್ಥೆಯ ಕಾರ್ಡುಗಳಿಗೆ ಅದರ ‘ಅಡ್ರಿನಾಲಿನ್’ ತಂತ್ರಾಂಶದಲ್ಲಿಯೇ ಇಂತಹ ಅವಕಾಶವಿದೆ. ೨೦೧೭ರಲ್ಲಿ ಬಂದ ಆ ಸಂಸ್ಥೆಯ ವೇಗಾ ಕಾರ್ಡುಗಳು ಹೆಚ್ಚಿನ ಅಂಚಿನೊಡನೆ ಹೊರಬಂದುವಾದ ಕಾರಣ ವೋಲ್ಟೇಜ್ ಇಳಿಕೆಯ ಅಭ್ಯಾಸ ಅವುಗಳ ಬಳಕೆದಾರರಲ್ಲಿ ವಿಶೇಷವಾಗಿ ಬಳಕೆಗೆ ಬಂದಿತು.

ಒಮ್ಮೆಗೆ ೨೫ ಮಿಲಿವೋಲ್ಟಿಗಿಂತ ಹೆಚ್ಚಾಗಿ ಇಳಿಸದೆ, ಪ್ರತಿಯೊಂದು ಹಂತದಲ್ಲಿಯೂ ಪರೀಕ್ಷೆ ನಡೆಸಿ ಮುಂದುವರಿಯುವುದು ಉಚಿತ. ಮೊದಲ ದೋಷ ಕಂಡ ಹಂತದಿಂದ ಒಂದು ಹೆಜ್ಜೆ ಹಿಂದೆ ಬಂದರೆ ಸಾಲದು. ಎರಡು ಹೆಜ್ಜೆಯಾದರೂ ಹಿಂದೆ ಬರಬೇಕು. ಜನವರಿಯ ರಾತ್ರಿಯಲ್ಲಿ ತೇರ್ಗಡೆಯಾದ ಅಂಕಿ ಏಪ್ರಿಲ್ಲಿನ ಮಧ್ಯಾಹ್ನದಲ್ಲಿ ಸೋಲಬಹುದೆಂಬುದೇ ಇದಕ್ಕೆ ಕಾರಣ.

ಲಾಭದ ಪ್ರಮಾಣವನ್ನೂ ಹೇಳಬೇಕು. ನೂರು ವ್ಯಾಟ್ ಉಳಿದುದೆಂದೂ, ಯಂತ್ರವು ದಿನಕ್ಕೆ ಹತ್ತು ಗಂಟೆಗಳಂತೆ ವರ್ಷಕ್ಕೆ ೩೦೦ ದಿನ ನಡೆಯುವುದೆಂದೂ ಇಟ್ಟುಕೊಂಡರೆ ಉಳಿಯುವುದು ೩೦೦ ಯೂನಿಟ್ಟು. ಒಂದು ಯಂತ್ರಕ್ಕೆ ಇದು ದೊಡ್ಡ ಮೊತ್ತವಲ್ಲ. ಆದರೆ ಹವಾನಿಯಂತ್ರಣವಿಲ್ಲದ ಕೊಠಡಿಯಲ್ಲಿ ಅಷ್ಟೇ ಶಾಖವೂ ಕಡಮೆಯಾಗುವುದು, ಫ್ಯಾನಿನ ಸದ್ದು ತಗ್ಗುವುದು, ಬಿಸಿಯಿಂದ ಯಂತ್ರವು ತಾನಾಗಿ ವೇಗ ತಗ್ಗಿಸಿಕೊಳ್ಳುವ ಸಂದರ್ಭ ತಪ್ಪುವುದು—ಇವು ನಿಜವಾದ ಪ್ರಯೋಜನಗಳು.

೫. ಮೆಮೊರಿಯ ವೇಗ

ಕಾರ್ಡಿನ ಮೆಮೊರಿಯು ಚಿಪ್ಪಿನ ಸುತ್ತಲೂ ಪ್ರತ್ಯೇಕ ತುಂಡುಗಳಾಗಿ ಕುಳಿತಿರುತ್ತದೆ. ಇಲ್ಲಿಯೂ ನಮಗೆ ಡೆನ್ನಾರ್ಡನ ಹೆಸರು ಎದುರಾಗುವುದು ಕುತೂಹಲಕರ. ಒಂದೇ ಟ್ರಾನ್ಸಿಸ್ಟರಿನಿಂದ ಒಂದು ಅಂಶವನ್ನು ನೆನಪಿಡುವ ಮೆಮೊರಿಯ ಹಕ್ಕುಪತ್ರ ಅವನಿಗೆ ದೊರೆತುದು ೧೯೬೮ರಲ್ಲಿ. ಇಂದಿನ ಕಾರ್ಡುಗಳ ಮೆಮೊರಿ ಅದರದೇ ಸಂತತಿ. ಮೆಮೊರಿಯಿಂದ ಚಿಪ್ಪಿಗೆ ಸೆಕೆಂಡಿಗೆ ಹರಿಯುವ ದತ್ತಾಂಶವನ್ನು ಗುಣಾಕಾರದಿಂದ ತಿಳಿಯಬಹುದು. ಆರ್‌ಟಿಎಕ್ಸ್ ೩೦೮೦ ಕಾರ್ಡಿನ ಮೊದಲ ಆವೃತ್ತಿಯಲ್ಲಿ ೩೨೦ ತಂತಿಗಳ ಹಾದಿಯಿದೆ. ಪ್ರತಿಯೊಂದರಲ್ಲಿಯೂ ಸೆಕೆಂಡಿಗೆ ೧೯ ಗಿಗಾಬಿಟ್ ಸಾಗುತ್ತದೆ. ಇವನ್ನು ಗುಣಿಸಿ ೮ರಿಂದ ಭಾಗಿಸಿದರೆ ೭೬೦ ಗಿಗಾಬೈಟ್ ದೊರೆಯುತ್ತದೆ. ೩೦೯೦ ಕಾರ್ಡಿನಲ್ಲಿ ಈ ಅಂಕಿ ೯೩೬.

ಮೆಮೊರಿಯ ವೇಗವನ್ನು ಏರಿಸುವುದರಿಂದ ಪ್ರಯೋಜನವಿದೆಯೇ ಎಂಬುದು ಕೆಲಸದ ಸ್ವರೂಪವನ್ನು ಅವಲಂಬಿಸಿದೆ. ಕೆಲವು ಕೆಲಸಗಳಲ್ಲಿ ಚಿಪ್ಪು ಗಣನೆಯಲ್ಲಿಯೇ ಮುಳುಗಿದ್ದು ಮೆಮೊರಿ ಕಾಯುತ್ತಿರುತ್ತದೆ. ಮತ್ತೆ ಕೆಲವುಗಳಲ್ಲಿ ಮೆಮೊರಿಯಿಂದ ಸಾಮಗ್ರಿ ಬರಲೆಂದು ಚಿಪ್ಪೇ ಕಾಯುತ್ತಿರುತ್ತದೆ. ಎರಡನೆಯ ಬಗೆಗೆ ಚರಿತ್ರಾರ್ಹವಾದ ನಿದರ್ಶನ ಇಥೀರಿಯಂ ಎಂಬ ಡಿಜಿಟಲ್ ನಾಣ್ಯವ್ಯವಸ್ಥೆ. ೨೦೧೫ರ ಜುಲೈ ೩೦ರಂದು ಆರಂಭವಾದ ಈ ವ್ಯವಸ್ಥೆಯ ‘ಈಥ್ಯಾಶ್’ ಎಂಬ ಗಣನವಿಧಾನವು ಪ್ರತಿಯೊಂದು ಪ್ರಯತ್ನಕ್ಕೂ ಮೆಮೊರಿಯ ೬೪ ಬೇರೆ ಬೇರೆ ಎಡೆಗಳಿಂದ ತಲಾ ೧೨೮ ಬೈಟುಗಳನ್ನು ಓದಬೇಕೆಂದು ವಿಧಿಸಿತ್ತು. ಒಟ್ಟು ೮೧೯೨ ಬೈಟು. ೯೩೬ ಗಿಗಾಬೈಟನ್ನು ಇದರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು ೧೧.೪ ಕೋಟಿ ಪ್ರಯತ್ನಗಳು. ಚಿಪ್ಪಿನ ಬಲವನ್ನು ಎಷ್ಟೇ ಹೆಚ್ಚಿಸಿದರೂ ಈ ಮಿತಿಯನ್ನು ದಾಟುವಂತಿಲ್ಲ. ಆದುದರಿಂದಲೇ ಆ ನಾಣ್ಯಕ್ಕಾಗಿ ಗಣನೆ ನಡೆಸುತ್ತಿದ್ದವರು ಚಿಪ್ಪಿನ ವೋಲ್ಟೇಜನ್ನೂ ವೇಗವನ್ನೂ ಇಳಿಸಿ, ಮೆಮೊರಿಯ ವೇಗವನ್ನು ಮಾತ್ರ ಏರಿಸುತ್ತಿದ್ದರು. ೨೦೨೨ರ ಸೆಪ್ಟೆಂಬರ್ ೧೫ರಂದು ಇಥೀರಿಯಂ ಈ ವಿಧಾನವನ್ನೇ ಕೈಬಿಟ್ಟಿತು. ಆದರೆ ಅವರು ಬಳಕೆಗೆ ತಂದ ಕ್ರಮ ಉಳಿದುಕೊಂಡಿದೆ.

ಭಾಷಾಮಾದರಿಗಳಿಂದ ಪಠ್ಯವನ್ನು ಬರೆಯಿಸುವ ಕೆಲಸವೂ ಬಹುಮಟ್ಟಿಗೆ ಇದೇ ಬಗೆಯದು. ಒಬ್ಬನೇ ಬಳಕೆದಾರನಿರುವಾಗ, ಒಂದೊಂದು ಪದಖಂಡವನ್ನು ಬರೆಯುವಾಗಲೂ ಸಾಮಾನ್ಯವಾಗಿ ಮಾದರಿಯ ಅಂಕಿಗಳನ್ನೆಲ್ಲ ಒಮ್ಮೆ ಓದಬೇಕಾಗುತ್ತದೆ. ಮಾದರಿಯ ಗಾತ್ರ ೧೮ ಗಿಗಾಬೈಟಾದರೆ ಮೇಲಣ ಕಾರ್ಡಿನಲ್ಲಿ ಸೆಕೆಂಡಿಗೆ ೫೨ ಪದಖಂಡಗಳನ್ನು ಮೀರುವಂತಿಲ್ಲ. ಇಲ್ಲಿ ಮೆಮೊರಿಯ ವೇಗವನ್ನು ನೂರಕ್ಕೆ ಐದರಷ್ಟು ಏರಿಸಿದರೆ ಫಲವೂ ಸರಿಸುಮಾರು ಅಷ್ಟೇ ಏರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಸಾವಿರಾರು ಪುಟಚಿತ್ರಗಳನ್ನು ಒಟ್ಟೊಟ್ಟಾಗಿ ಸಂಸ್ಕರಿಸುವ ಕೆಲಸದಲ್ಲಿ ಚಿಪ್ಪಿನ ಗಣನೆಯೇ ಮಿತಿಯಾಗಿರುವುದುಂಟು. ಅಲ್ಲಿ ಮೆಮೊರಿಯನ್ನು ಏರಿಸಿ ಪಡೆಯುವುದು ಶಾಖವೊಂದನ್ನೇ.

ಮೆಮೊರಿಯ ಏರಿಕೆಗೂ ಮಿತಿಯಿದೆ. ಈ ಮಿತಿಯನ್ನು ಗುರುತಿಸುವುದು ವೋಲ್ಟೇಜಿನ ಮಿತಿಯನ್ನು ಗುರುತಿಸುವುದಕ್ಕಿಂತ ಸೂಕ್ಷ್ಮವಾದುದು. ಇಂದಿನ ಕಾರ್ಡುಗಳ ಮೆಮೊರಿಯಲ್ಲಿ, ಹಾದಿಯಲ್ಲಿ ಕೆಟ್ಟ ದತ್ತಾಂಶವನ್ನು ಪತ್ತೆಹಚ್ಚಿ ಮತ್ತೊಮ್ಮೆ ಕಳುಹಿಸುವ ವ್ಯವಸ್ಥೆಯಿದೆ. ವೇಗವು ಮಿತಿಮೀರಿದಾಗ ಯಂತ್ರ ನಿಲ್ಲುವುದಿಲ್ಲ. ಮರುಕಳುಹಿಸುವಿಕೆಯಲ್ಲಿಯೇ ಕಾಲ ವ್ಯಯವಾಗಿ ಕೆಲಸ ನಿಧಾನವಾಗುತ್ತದೆ. ಅಂಕಿ ಏರಿದೆ, ಯಂತ್ರ ನಡೆಯುತ್ತಿದೆ, ಫಲ ಮಾತ್ರ ಇಳಿದಿದೆ. ಆದುದರಿಂದ ೫೦ ಅಥವಾ ೧೦೦ ಮೆಗಾಹರ್ಟ್ಸುಗಳ ಹೆಜ್ಜೆಗಳಲ್ಲಿ ಏರಿಸುತ್ತ, ಪ್ರತಿ ಹೆಜ್ಜೆಯಲ್ಲಿಯೂ ಕೆಲಸಕ್ಕೆ ಹಿಡಿದ ಕಾಲವನ್ನು ಅಳೆಯಬೇಕು. ಕಾಲ ಕಡಮೆಯಾಗುವುದು ನಿಂತ ಎಡೆಯಿಂದ ಹಿಂದೆ ಸರಿಯಬೇಕು. ಮೆಮೊರಿಯ ಉಷ್ಣತೆಯನ್ನೂ ಗಮನಿಸಬೇಕು. ೩೦೯೦ ಕಾರ್ಡಿನ ೨೪ ಮೆಮೊರಿ ತುಂಡುಗಳಲ್ಲಿ ಅರ್ಧದಷ್ಟು ಫಲಕದ ಹಿಂಬದಿಯಲ್ಲಿ, ಫ್ಯಾನಿನ ಗಾಳಿ ನೇರವಾಗಿ ತಾಕದ ಕಡೆ ಇರುವುದು ಇಂತಹ ಎಚ್ಚರಕ್ಕೆ ಕಾರಣವಾಗಿದೆ. ವೋಲ್ಟೇಜ್ ಇಳಿಕೆಯಲ್ಲಿಲ್ಲದ ಸವೆತದ ಪ್ರಶ್ನೆಯೂ ವಾರಂಟಿಯ ಷರತ್ತುಗಳ ಪ್ರಶ್ನೆಯೂ ಇಲ್ಲಿ ಬರುತ್ತವೆ. ಸಂಸ್ಥೆಯ ಸ್ವತ್ತಾದ ಯಂತ್ರದಲ್ಲಿ ಷರತ್ತುಗಳನ್ನು ಓದದೆ ಏರಿಕೆಗೆ ಕೈಹಾಕಬಾರದು.

ವೋಲ್ಟೇಜನ್ನೂ ಮೆಮೊರಿಯನ್ನೂ ಒಮ್ಮೆಗೇ ಬದಲಿಸಬಾರದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಎರಡನ್ನೂ ಬದಲಿಸಿದಾಗ ದೋಷವು ಯಾವುದರಿಂದ ಬಂದಿತೆಂದು ನಿರ್ಣಯಿಸಲಾಗದು.

೬. ಮೌನವಾದ ದೋಷಗಳು

ಆಟವಾಡುವವನಿಗೆ ಪರದೆಯ ಮೇಲೆ ಒಂದು ಬಣ್ಣದ ಚುಕ್ಕೆ ತಪ್ಪಾಗಿ ಮೂಡಿದರೆ ನಷ್ಟವೇನೂ ಇಲ್ಲ. ಸಂಶೋಧಕನ ಸ್ಥಿತಿ ಬೇರೆ. ಯಂತ್ರವು ನಿಂತುಹೋಗುವಂತಹ ದೋಷ ಅವನಿಗೆ ಉಪಕಾರಿಯೇ ಸರಿ, ಏಕೆಂದರೆ ಅದು ತನ್ನನ್ನು ತಾನೇ ಸಾರಿಕೊಳ್ಳುತ್ತದೆ. ಭಯಪಡಬೇಕಾದುದು ಯಂತ್ರ ನಡೆಯುತ್ತಿರುವಾಗಲೇ ಉತ್ತರವನ್ನು ಕೆಡಿಸುವ ದೋಷಕ್ಕೆ. ಹಸ್ತಪ್ರತಿಗಳನ್ನು ಪರಿಷ್ಕರಿಸುವವರಿಗೆ ಇದರ ಪರಿಚಯವಿದೆ. ಲಿಪಿಕಾರನು ಅರ್ಥವಿಲ್ಲದ ಅಕ್ಷರವನ್ನು ಬರೆದರೆ ಪರಿಷ್ಕರ್ತನು ಒಡನೆ ಹಿಡಿಯುತ್ತಾನೆ. ಅರ್ಥಕ್ಕೆ ಹೊಂದುವಂತಹ ತಪ್ಪು ಅಕ್ಷರವನ್ನು ಬರೆದರೆ ಅದು ಶತಮಾನಗಳ ಕಾಲ ಮೂಲಪಾಠವೆಂದೇ ಸಾಗಬಹುದು.

ಇದು ಬರಿಯ ಊಹೆಯಲ್ಲ. ೨೦೧೯ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಆಸ್ಟ್ರಿಯದ ಗ್ರಾಟ್ಸ್ ಮತ್ತು ಬೆಲ್ಜಿಯಂನ ಲ್ಯೂವೆನ್ ಈ ಊರುಗಳ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ‘ಪ್ಲಂಡರ್‌ವೋಲ್ಟ್’ ಎಂಬ ಹೆಸರಿನಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಇಂಟೆಲ್ ಸಂಸ್ಥೆಯ ಗಣಕಚಿಪ್ಪುಗಳ ವೋಲ್ಟೇಜನ್ನು ತಂತ್ರಾಂಶದಿಂದಲೇ ಎಚ್ಚರಿಕೆಯಿಂದ ಇಳಿಸಿದಾಗ, ಯಂತ್ರವು ನಿಲ್ಲದೆ ನಡೆಯುತ್ತಿದ್ದು, ಗುಣಾಕಾರದ ಉತ್ತರಗಳು ತಪ್ಪಾಗಿ ಬರುವುದನ್ನು ಅವರು ತೋರಿಸಿಕೊಟ್ಟರು. ಆ ತಪ್ಪುಗಳಿಂದ ಗುಪ್ತಲಿಪಿಯ ಕೀಲಿಗಳನ್ನು ಕದಿಯುವುದು ಸಾಧ್ಯವೆಂಬುದು ಅವರ ಮುಖ್ಯ ಪ್ರತಿಪಾದನೆ. ಅದು ಗ್ರಾಫಿಕ್ಸ್ ಕಾರ್ಡಿನ ಮೇಲೆ ಮಾಡಿದ ಪ್ರಯೋಗವಲ್ಲವಾದರೂ, ನಿಲುಗಡೆಗೆ ಮುಂಚೆಯೇ ತಪ್ಪು ಉತ್ತರಗಳ ಒಂದು ವಲಯವಿರಬಲ್ಲುದೆಂಬುದಕ್ಕೆ ಅದು ಸಾಕಷ್ಟು ಪ್ರಮಾಣ.

ಮೆಮೊರಿಯ ದೋಷಪತ್ತೆಯ ವ್ಯವಸ್ಥೆಯ ಮೇಲೆಯೂ ಪೂರ್ಣವಾಗಿ ಭಾರ ಹಾಕುವಂತಿಲ್ಲ. ಮೇಲೆ ಹೇಳಿದುದು ಹಾದಿಯಲ್ಲಿ ಆಗುವ ತಪ್ಪನ್ನು ಹಿಡಿಯುತ್ತದೆ. ಮೆಮೊರಿಯ ಕೋಶದಲ್ಲಿಯೇ ಅಂಶವೊಂದು ಬದಲಾದರೆ ಅದನ್ನು ಕಾಣದು. ಅದಕ್ಕೆ ‘ಇಸಿಸಿ’ ಎಂಬ ತಿದ್ದುಪಡಿಯ ವ್ಯವಸ್ಥೆ ಬೇಕು. ಎನ್‌ವಿಡಿಯಾ ಸಂಸ್ಥೆಯು ತನ್ನ ವೈಜ್ಞಾನಿಕ ಗಣನೆಯ ಟೆಸ್ಲಾ ಕಾರ್ಡುಗಳಲ್ಲಿ ೨೦೧೦ರ ಪೀಳಿಗೆಯಿಂದ ಇದನ್ನು ಒದಗಿಸಿದೆ. ಆಟದ ಕಾರ್ಡುಗಳಲ್ಲಿ ಹೆಚ್ಚಿನವುಗಳಿಗೆ ಇದಿಲ್ಲ.

ಆದುದರಿಂದ ಪರೀಕ್ಷೆಯು ‘ಯಂತ್ರ ನಿಲ್ಲಲಿಲ್ಲ’ ಎಂಬಲ್ಲಿಗೆ ಮುಗಿಯಕೂಡದು. ಮೂಲಸ್ಥಿತಿಯಲ್ಲಿ ಪಡೆದು ಕಾದಿರಿಸಿದ ಫಲಿತಾಂಶದೊಡನೆ ಹೊಸ ಫಲಿತಾಂಶವನ್ನು ಅಕ್ಷರಶಃ ಹೋಲಿಸಬೇಕು. ಇಲ್ಲಿ ಒಂದು ತೊಡಕಿದೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ಸಾವಿರಾರು ಗಣನೆಗಳು ಏಕಕಾಲಕ್ಕೆ ನಡೆಯುವುದರಿಂದ, ದಶಾಂಶಸಂಖ್ಯೆಗಳನ್ನು ಕೂಡಿಸುವ ಕ್ರಮ ಒಂದೊಂದು ಬಾರಿ ಒಂದೊಂದಾಗಿ, ಕೊನೆಯ ಅಂಕಿಗಳಲ್ಲಿ ನಿರ್ದೋಷವಾದ ಭೇದವೂ ತೋರಬಹುದು. ಆದುದರಿಂದ ಮೂಲಸ್ಥಿತಿಯಲ್ಲಿಯೇ ಕೆಲಸವನ್ನು ಎರಡು ಮೂರು ಬಾರಿ ನಡೆಸಿ, ಸಹಜವಾದ ಭೇದವೆಷ್ಟೆಂಬುದನ್ನು ಮೊದಲೇ ಅರಿತಿರಬೇಕು. ಸಾಧ್ಯವಾದೆಡೆ ತಂತ್ರಾಂಶವನ್ನು ಒಂದೇ ಕ್ರಮದಲ್ಲಿ ಗಣಿಸುವಂತೆ ಕಟ್ಟುಮಾಡಬೇಕು. ಹೋಲಿಕೆಯನ್ನು ಗಂಟೆಗಟ್ಟಲೆ, ನಿಜವಾದ ಕೆಲಸದ ಮೇಲೆಯೇ, ಕೊಠಡಿಯ ಬಿಸಿ ಹೆಚ್ಚಿರುವ ಹೊತ್ತಿನಲ್ಲಿಯೂ ನಡೆಸಬೇಕು. ಕಾರ್ಡಿನ ತಂತ್ರಾಂಶ ಬದಲಾದಾಗಲೂ ವರ್ಷಕ್ಕೊಮ್ಮೆಯೂ ಅದನ್ನು ಪುನರಾವರ್ತಿಸಬೇಕು.

೭. ಉಪಸಂಹಾರ

ವೋಲ್ಟೇಜನ್ನು ಇಳಿಸುವುದು ಮತ್ತು ಮೆಮೊರಿಯನ್ನು ಹೊಂದಿಸುವುದು ನಿಷ್ಪ್ರಯೋಜಕವೆಂದಾಗಲಿ ಅಪಾಯಕರವೆಂದಾಗಲಿ ಇದರಿಂದ ಭಾವಿಸಬೇಕಾಗಿಲ್ಲ. ವೋಲ್ಟೇಜಿನ ವರ್ಗದ ನಿಯಮದಿಂದ ದೊರೆಯುವ ಲಾಭ ವಾಸ್ತವವಾದುದು. ಸೆಕೆಗಾಲದಲ್ಲಿ ಸಣ್ಣ ಕೊಠಡಿಯೊಳಗೆ ಯಂತ್ರ ನಡೆಸುವ ಕಾಲೇಜುಗಳಿಗೆ ಅದು ಹೆಚ್ಚಿನದೇ. ಸಂಶೋಧನೆಯಲ್ಲಿ ತೊಡಗಿರುವವರು ಮೊದಲು ವಿದ್ಯುತ್ ಮಿತಿಯನ್ನು ತಗ್ಗಿಸಿ ತೃಪ್ತಿಪಡಬಹುದೇ ಎಂದು ನೋಡಲಿ. ಸಾಲದಿದ್ದಲ್ಲಿ ವೋಲ್ಟೇಜಿನ ರೇಖೆಗೆ ಕೈಹಾಕಲಿ. ಮೆಮೊರಿಯನ್ನು, ಕೆಲಸವು ಅದನ್ನು ಕಾಯುತ್ತಿದೆಯೆಂದು ಸಿದ್ಧವಾದ ಮೇಲೆಯೇ ಏರಿಸಲಿ. ಪ್ರಕಟಿಸುವ ಫಲಿತಾಂಶದೊಡನೆ, ಯಂತ್ರವು ಯಾವ ವೋಲ್ಟೇಜಿನಲ್ಲಿ, ಯಾವ ವೇಗದಲ್ಲಿ ನಡೆಯಿತೆಂಬುದನ್ನೂ ದಾಖಲಿಸಲಿ. ಆಕರವನ್ನು ಪರಿಶೀಲಿಸದೆ ಉಪಯೋಗಿಸಬಾರದೆಂದು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತೇವೆ. ನಮ್ಮ ಪರವಾಗಿ ಓದುವ, ಎಣಿಸುವ, ಹೋಲಿಸುವ ಯಂತ್ರವೂ ಈಗ ನಮಗೂ ಆಕರಕ್ಕೂ ನಡುವೆ ನಿಂತಿರುವುದರಿಂದ ಆ ನಿಯಮವು ಅದಕ್ಕೂ ಅನ್ವಯಿಸತಕ್ಕದ್ದು.